ಸಾಫ್ಟ್‌ವೇರ್ ಲೆಕ್ಕ ಹಾಕಿದ ಮೇಲೂ ಬಟ್ಟೆ ಯಾಕೆ ಮಿಗುತ್ತದೆ?

ಯುರೋಪಿನಲ್ಲಿ ದೊಡ್ಡ ಕಂಪನಿಗಳು ಮಾರಾಟವಾಗದೆ ಉಳಿದ ಹೊಸ ಬಟ್ಟೆ, ಶೂ, ಬೆಲ್ಟುಗಳನ್ನು ಸುಡಬಾರದು, ನಾಶ ಮಾಡಬಾರದು ಎಂಬ ಕಾನೂನು ಬಂದಿದೆ. 2024ರ ಜುಲೈನಲ್ಲಿ ಜಾರಿಯಾದ ಐರೋಪ್ಯ ಒಕ್ಕೂಟದ ನಿಯಮ ಈ ನಿಷೇಧಕ್ಕೆ 2026ರ ಜುಲೈ 19 ಎಂದು ದಿನ ಗೊತ್ತುಮಾಡಿದೆ. ಮಧ್ಯಮ ಗಾತ್ರದ ಕಂಪನಿಗಳಿಗೆ 2030ರವರೆಗೆ ಸಮಯ ಕೊಟ್ಟಿದೆ. ಸಣ್ಣ ಕಂಪನಿಗಳನ್ನು ಬಿಟ್ಟಿದೆ.

ಈ ಸುದ್ದಿ ಓದಿದವರಿಗೆ ಎರಡು ಗೊಂದಲ ಬರುವುದು ಸಹಜ. ಹೊಚ್ಚ ಹೊಸ ಬಟ್ಟೆಯನ್ನು ಯಾರಾದರೂ ಯಾಕೆ ಸುಡುತ್ತಾರೆ? ಇದು ಮೊದಲನೆಯದು. ಎರಡನೆಯದು ಇನ್ನೂ ದೊಡ್ಡದು. ಯಾವ ಅಂಗಡಿಯಲ್ಲಿ ಯಾವ ಸೈಜ್ ಎಷ್ಟು ಖರ್ಚಾಗುತ್ತದೆ ಅಂತ ನಮ್ಮ ಸಾಫ್ಟ್‌ವೇರ್ ಮೊದಲೇ ಹೇಳುತ್ತದೆ ಎಂದು ಇದೇ ಕಂಪನಿಗಳು ವರ್ಷಗಳಿಂದ ಹೇಳುತ್ತಾ ಬಂದಿವೆ. ಅದು ನಿಜವಾದರೆ ಬಟ್ಟೆ ಮಿಗಲೇಬಾರದು, ಅಲ್ವಾ? ಮಿಗದ ಮೇಲೆ ಸುಡಬೇಡಿ ಎಂಬ ಕಾನೂನು ಯಾಕೆ ಬೇಕು?

ಮಿಗುತ್ತಿರುವುದಂತೂ ನಿಜ. ಯುರೋಪಿನ ಮಾರುಕಟ್ಟೆಗೆ ಬರುವ ಬಟ್ಟೆಯಲ್ಲಿ 4ರಿಂದ 9% ಒಬ್ಬರ ಮೈಮೇಲೂ ಹೋಗದೆ ನಾಶವಾಗುತ್ತದೆ ಎಂದು ಯುರೋಪಿನ ಪರಿಸರ ಸಂಸ್ಥೆ 2024ರಲ್ಲಿ ಅಂದಾಜು ಮಾಡಿತು. ತೂಕದಲ್ಲಿ ಹೇಳುವುದಾದರೆ ವರ್ಷಕ್ಕೆ 2.64 ಲಕ್ಷದಿಂದ 5.94 ಲಕ್ಷ ಟನ್. ಬ್ರಿಟನ್ನಿನ ಬರ್ಬರಿ ಕಂಪನಿ 2018ರ ಮಾರ್ಚ್‌ಗೆ ಮುಗಿದ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಬೆಲೆಯ ಮಾಲು ನಾಶ ಮಾಡಿದ್ದನ್ನು ತನ್ನ ವಾರ್ಷಿಕ ವರದಿಯಲ್ಲೇ ಬರೆದುಕೊಂಡಿತ್ತು. ಜನ ಸಿಟ್ಟಾದ ಮೇಲೆ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ನಿಲ್ಲಿಸುತ್ತೇವೆ ಎಂದಿತು. ದುಬಾರಿ ಬ್ರ್ಯಾಂಡ್‌ಗಳು ಸುಡುವುದಕ್ಕೆ ಕಾರಣ ಸರಳ. ಅಗ್ಗದ ಬೆಲೆಗೆ ಬಿಟ್ಟರೆ ಹೆಸರಿನ ಬೆಲೆ ಇಳಿಯುತ್ತದೆ ಎಂಬ ಭಯ. ಅಗ್ಗದ ಬ್ರ್ಯಾಂಡ್‌ಗಳ ಕಾರಣ ಬೇರೆ. ಉಳಿದ ಮಾಲನ್ನು ಇಟ್ಟುಕೊಳ್ಳುವ, ವಿಂಗಡಿಸುವ, ಸಾಗಿಸುವ ಖರ್ಚು ಆ ಮಾಲಿನ ಬೆಲೆಗಿಂತ ಜಾಸ್ತಿ ಆಗಿಬಿಡುತ್ತದೆ.

ಉಪ್ಪಿನ ಲೆಕ್ಕ ಬೇರೆ, ಅಂಗಿಯ ಲೆಕ್ಕ ಬೇರೆ

ಉಪ್ಪು ಮಾರುವ ಅಂಗಡಿಯವನಿಗೆ ಮುಂದಿನ ತಿಂಗಳು ಎಷ್ಟು ಖರ್ಚಾಗುತ್ತದೆ ಅಂತ ಹೇಳಲು ಸಾಫ್ಟ್‌ವೇರ್ ಬೇಡ. ಹೋದ ತಿಂಗಳು ಎಷ್ಟೋ ಈ ತಿಂಗಳೂ ಹೆಚ್ಚುಕಡಿಮೆ ಅಷ್ಟೇ. ಬಟ್ಟೆ ಹಾಗಲ್ಲ. ಈ ಸೀಸನ್ನಿನ ಅಂಗಿ ಹೋದ ಸೀಸನ್ನಿನಲ್ಲಿ ಇರಲೇ ಇಲ್ಲ. ಹಿಂದಿನ ಮಾರಾಟ ನೋಡಿ ಹೇಳೋಣ ಅಂದರೆ ಹಿಂದೆ ಅನ್ನುವುದೇ ಇಲ್ಲ.

ಇನ್ನು ಸೈಜು, ಬಣ್ಣ. ಒಂದು ಅಂಗಿಯ ವಿನ್ಯಾಸ ತಗೊಳ್ಳಿ. ಐದು ಬಣ್ಣ, ಆರು ಸೈಜ್ ಅಂದರೆ ಮೂವತ್ತು ಬೇರೆ ಬೇರೆ ಮಾಲು. ಐನೂರು ಅಂಗಡಿಗಳಿದ್ದರೆ ಹದಿನೈದು ಸಾವಿರ ಬೇರೆ ಬೇರೆ ಅಂದಾಜು ಬೇಕು. ಇದು ಒಂದೇ ವಿನ್ಯಾಸದ ಮಾತು. ಸಾವಿರ ವಿನ್ಯಾಸ ಇರುವ ಕಂಪನಿಗೆ ಒಂದೂವರೆ ಕೋಟಿ ಅಂದಾಜು. ಇದರಲ್ಲಿ ಎಷ್ಟೋ ಮಾಲು ಒಂದು ಅಂಗಡಿಯಲ್ಲಿ ವಾರಕ್ಕೆ ಒಂದೂ ಹೋಗುವುದಿಲ್ಲ. ವಾರಕ್ಕೆ ಸೊನ್ನೆ, ಸೊನ್ನೆ, ಒಂದು, ಸೊನ್ನೆ ಎಂಬ ಸಾಲನ್ನು ನೋಡಿ ಮುಂದಿನ ವಾರ ಏನು ಅಂತ ಯಾವ ಗಣಿತವೂ ಖಚಿತವಾಗಿ ಹೇಳಲಾರದು.

ಕೊನೆಗೆ ಕಾಲ. ಏಷ್ಯಾದಲ್ಲಿ ಹೊಲಿದು ಹಡಗಿನಲ್ಲಿ ಯುರೋಪಿಗೆ ಹೋಗುವ ಬಟ್ಟೆಗೆ ತಿಂಗಳುಗಳ ಮೊದಲೇ ಆರ್ಡರ್ ಹಾಕಬೇಕು. ಮಾರಾಟ ಶುರುವಾಗುವ ಹೊತ್ತಿಗೆ ಸೀಸನ್ನಿನ ಬಹುಪಾಲು ಮಾಲು ತಯಾರಾಗಿರುತ್ತದೆ.

ಸಾಫ್ಟ್‌ವೇರಿನ ಮುಂದಿರುವ ಮೂರು ಪ್ರಶ್ನೆ

ಸುದ್ದಿಗಳಲ್ಲಿ ಎಲ್ಲವನ್ನೂ ಸೇರಿಸಿ ‘ಎಐ ಸ್ಟಾಕ್ ನಿರ್ವಹಣೆ’ ಅಂದುಬಿಡುತ್ತಾರೆ. ಆದರೆ ಅಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಎಷ್ಟು ತಯಾರಿಸಬೇಕು? ತಯಾರಾದದ್ದನ್ನು ಯಾವ ಅಂಗಡಿಗೆ ಎಷ್ಟು ಕಳಿಸಬೇಕು? ಮಿಕ್ಕಿದ್ದರ ಬೆಲೆ ಯಾವಾಗ, ಎಷ್ಟು ಇಳಿಸಬೇಕು?

ಸಾಫ್ಟ್‌ವೇರ್ ನೋಡುವುದು ಮುಖ್ಯವಾಗಿ ಬಿಲ್ಲುಗಳನ್ನು. ಹೊಸ ಅಂಗಿಯನ್ನೇ ಹೋಲುವ ಹಳೆಯ ಅಂಗಿಗಳು ಯಾವುವು, ಅವು ಯಾವ ಊರಿನಲ್ಲಿ ಹೇಗೆ ಹೋದವು, ಮಳೆ ಬಂದಾಗ, ಹಬ್ಬ ಇದ್ದಾಗ, ಡಿಸ್ಕೌಂಟ್ ಕೊಟ್ಟಾಗ ಏನಾಯಿತು ಅಂತ ಹುಡುಕುತ್ತದೆ. ಮಾರಾಟ ಶುರುವಾದ ಮೇಲೆ ಮೊದಲ ಒಂದೆರಡು ವಾರದ ಬಿಲ್ಲು ನೋಡಿ ತನ್ನ ಅಂದಾಜನ್ನು ತಿದ್ದಿಕೊಳ್ಳುತ್ತದೆ. ಟೆಸ್ಕೊ, ಟಾರ್ಗೆಟ್‌ನಂಥ ವಿದೇಶಿ ಅಂಗಡಿ ಸರಣಿಗಳಿಗೆ ಬೆಂಗಳೂರಿನಲ್ಲೇ ದೊಡ್ಡ ತಾಂತ್ರಿಕ ಕಚೇರಿಗಳಿವೆ. ಹಾಗಾಗಿ ಈ ಕೆಲಸದ ಜೊತೆಗೇ ದಿನಾ ಒಡನಾಡುವ ಕನ್ನಡಿಗರು ಕಡಿಮೆಯಿಲ್ಲ.

ಎರಡನೆಯ, ಮೂರನೆಯ ಪ್ರಶ್ನೆಗಳಿಗೆ ಸಾಫ್ಟ್‌ವೇರ್ ಒಳ್ಳೆಯ ಉತ್ತರ ಕೊಡುತ್ತದೆ. ಆ ಹೊತ್ತಿಗೆ ಮಾಲು ಕೈಯಲ್ಲಿರುತ್ತದೆ, ಮಾರಾಟ ಕಣ್ಣಿಗೆ ಕಾಣುತ್ತಿರುತ್ತದೆ. ಕಷ್ಟ ಇರುವುದು ಮೊದಲನೆಯದರಲ್ಲಿ. ಮಿಗುವ ಬಟ್ಟೆ ಹುಟ್ಟುವುದೂ ಅಲ್ಲೇ.

ಎಂ ಸೈಜ್ ಖಾಲಿಯಾದಾಗ

ಎರಡನೆಯ ಪ್ರಶ್ನೆಯಲ್ಲಿ ಎಷ್ಟು ಗೆಲ್ಲಬಹುದು ಎಂಬುದಕ್ಕೆ ಸ್ಪೇನಿನ ಬಟ್ಟೆ ಕಂಪನಿ ಝಾರಾ ಒಳ್ಳೆಯ ಉದಾಹರಣೆ. ಅದರ ಅಂಗಡಿಗಳಿಗೆ ವಾರಕ್ಕೆ ಎರಡು ಸಲ ಸ್ಪೇನಿನ ಗೋದಾಮುಗಳಿಂದ ಮಾಲು ಹೋಗುತ್ತದೆ. ಹಿಂದೆ ಒಂದೊಂದು ಅಂಗಡಿಯ ಮ್ಯಾನೇಜರೂ ತನಗೆ ಬೇಕಾದ ಪಟ್ಟಿ ಕಳಿಸುತ್ತಿದ್ದರು. ಗೋದಾಮಿನವರು ಆ ಪಟ್ಟಿ, ಹಿಂದಿನ ಮಾರಾಟ, ಉಳಿದ ಸ್ಟಾಕ್ ಎಲ್ಲ ನೋಡಿ ಹಂಚುತ್ತಿದ್ದರು. ಚೆನ್ನಾಗಿ ಓಡುವ ಮಾಲು ಗೋದಾಮಿನಲ್ಲಿ ಕಡಿಮೆಯಿದೆ ಅನ್ನಿಸಿದರೆ ಮ್ಯಾನೇಜರ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ಬರೆದುಬಿಡುತ್ತಿದ್ದರು. ಕೇಳಿದಷ್ಟು ಸಿಗುವುದಿಲ್ಲ ಅಂತ ಗೊತ್ತಿದ್ದರೆ ಯಾರಾದರೂ ಹಾಗೇ ಮಾಡುತ್ತಾರೆ.

ಅಮೆರಿಕದ ಇಬ್ಬರು ಪ್ರಾಧ್ಯಾಪಕರು, ಆಗ ಎಂಐಟಿಯಲ್ಲಿದ್ದ ಜೆರೆಮಿ ಗಲ್ಯಾನ್ ಮತ್ತು ಯುಸಿಎಲ್ಎಯ ಫೆಲಿಪೆ ಕಾರೊ, ಝಾರಾದವರ ಜೊತೆ ಕೂತು ಇದಕ್ಕೊಂದು ಲೆಕ್ಕದ ವಿಧಾನ ಕಟ್ಟಿದರು. ಅವರ ಕಣ್ಣಿಗೆ ಬಿದ್ದ ಒಂದು ಸಣ್ಣ ವಿಷಯ ಇಡೀ ವಿಧಾನದ ಅಡಿಪಾಯ ಆಯಿತು. ಝಾರಾ ಅಂಗಡಿಯಲ್ಲಿ ಒಂದು ವಿನ್ಯಾಸದ ಎಂ ಸೈಜ್ ಖಾಲಿಯಾದರೆ ಸಿಬ್ಬಂದಿ ಆ ವಿನ್ಯಾಸವನ್ನೇ ರ‍್ಯಾಕಿನಿಂದ ತೆಗೆದು ಹಿಂದಿನ ಕೋಣೆಗೆ ಇಡುತ್ತಿದ್ದರು. ಇಷ್ಟಪಟ್ಟ ಉಡುಪಿನಲ್ಲಿ ತನ್ನ ಸೈಜ್ ಸಿಗದ ಗಿರಾಕಿಗೆ ಬೇಸರವಾಗುತ್ತದೆ, ಅದರ ಬದಲು ಬೇರೆ ಉಡುಪಿಗೆ ಜಾಗ ಸಿಗಲಿ ಎಂಬುದು ಅವರ ಯೋಚನೆ.

ಇದರ ಪರಿಣಾಮ ನೋಡಿ. ಒಂದು ಅಂಗಡಿಯಲ್ಲಿ ಎಸ್ ಮತ್ತು ಎಲ್ ನಾಲ್ಕು ನಾಲ್ಕು ಇವೆ, ಎಂ ಇಲ್ಲ. ಆ ಎಂಟೂ ಹಿಂದಿನ ಕೋಣೆಯಲ್ಲಿ ಕೂತಿವೆ, ಒಂದೂ ಮಾರಾಟವಾಗುವುದಿಲ್ಲ. ಇನ್ನೊಂದು ಅಂಗಡಿಯಲ್ಲಿ ಎಲ್ಲ ಸೈಜೂ ಬೇಕಾದಷ್ಟಿದೆ. ಗೋದಾಮಿನಲ್ಲಿ ಉಳಿದಿರುವುದು ಎರಡೇ ಎಂ. ಅವನ್ನು ಎಲ್ಲಿಗೆ ಕಳಿಸಬೇಕು? ಮೊದಲನೆಯ ಅಂಗಡಿಗೆ ಕಳಿಸಿದರೆ ಎರಡು ಅಂಗಿ ಹೋಗಿ ಹತ್ತು ಅಂಗಿ ರ‍್ಯಾಕಿಗೆ ಬರುತ್ತವೆ. ಎರಡನೆಯದಕ್ಕೆ ಕಳಿಸಿದರೆ ಸುಮ್ನೆ ಎರಡು ಸೇರಿದ ಹಾಗೆ ಅಷ್ಟೆ. ಒಂದು ಅಂಗಡಿಗಾದರೆ ಇದನ್ನು ಯಾರಾದರೂ ಬೆರಳಲ್ಲಿ ಎಣಿಸಿ ಹೇಳಬಹುದು. ಸಾವಿರಕ್ಕೂ ಹೆಚ್ಚು ಅಂಗಡಿ, ಸಾವಿರಾರು ವಿನ್ಯಾಸ, ವಾರಕ್ಕೆ ಎರಡು ಸಲ, ಕೆಲವೇ ಗಂಟೆಗಳಲ್ಲಿ ಅಂದರೆ ಕಂಪ್ಯೂಟರ್ ಬೇಕೇ ಬೇಕು.

ಈ ವಿಧಾನದಿಂದ ಮಾರಾಟ 3ರಿಂದ 4% ಹೆಚ್ಚಿತು. 2007ರಲ್ಲಿ ಇದರಿಂದ ಬಂದ ಹೆಚ್ಚುವರಿ ಆದಾಯ ಸುಮಾರು 23 ಕೋಟಿ ಡಾಲರ್ ಎಂದು ಅವರು ಅಂದಾಜು ಮಾಡಿದರು. ಆಮೇಲೆ ಅದೇ ಜೋಡಿ ಮೂರನೆಯ ಪ್ರಶ್ನೆಯನ್ನೂ ಹಿಡಿದರು. ಸೀಸನ್ ಕೊನೆಯ ಸೇಲ್‌ನಲ್ಲಿ ಬೆಲೆ ಹೇಗೆ ಇಳಿಸಬೇಕೆಂದು ಬೆಲ್ಜಿಯಂ ಮತ್ತು ಐರ್ಲೆಂಡ್‌ನಲ್ಲಿ ಪರೀಕ್ಷೆ ಮಾಡಿದಾಗ ಸೇಲ್‌ನ ಆದಾಯ ಸುಮಾರು 6% ಏರಿತು.

ಸ್ವೀಡನ್ನಿನ ಎಚ್ ಅಂಡ್ ಎಂ ಕೂಡ ಇದೇ ದಾರಿಗೆ ಬಂತು, ಆದರೆ ಸಂಕಟ ಬಂದ ಮೇಲೆ. 2018ರ ಮಾರ್ಚ್‌ನಲ್ಲಿ ಆ ಕಂಪನಿಯ ಕೈಯಲ್ಲಿ 430 ಕೋಟಿ ಡಾಲರ್ ಬೆಲೆಯ ಸ್ಟಾಕ್ ಕೂತಿತ್ತು. ಸ್ಟಾಕ್‌ಹೋಮಿನ ಶ್ರೀಮಂತ ಬಡಾವಣೆ ಓಸ್ಟರ್‌ಮಾಲ್ಮ್‌ನ ಅಂಗಡಿಯಲ್ಲಿ ಬಿಲ್ಲುಗಳನ್ನು ಕಂಪ್ಯೂಟರ್‌ನಿಂದ ಜಾಲಾಡಿದಾಗ, ಅಲ್ಲಿ ಕೊಳ್ಳುವವರು ಹೆಚ್ಚಾಗಿ ಹೆಂಗಸರು, ಹೂವಿನ ಚಿತ್ತಾರದ ಸ್ಕರ್ಟು ಮತ್ತು ಸ್ವಲ್ಪ ಜಾಸ್ತಿ ಬೆಲೆಯ ಉಡುಪು ಚೆನ್ನಾಗಿ ಹೋಗುತ್ತದೆ ಅಂತ ಗೊತ್ತಾಯಿತು. ಗಂಡಸರು, ಮಕ್ಕಳು ಎಲ್ಲರ ಬಟ್ಟೆಯನ್ನೂ ಅಲ್ಲಿ ತುಂಬಿಟ್ಟಿದ್ದರು. ಆಮೇಲೆ ಆ ಅಂಗಡಿಯ ಮಾಲಿನ ಬಗೆಗಳನ್ನು ಸುಮಾರು 40% ಇಳಿಸಿದರು.

ಇಲ್ಲೊಂದು ಸೂಕ್ಷ್ಮ ಇದೆ. ಝಾರಾದ ಗೆಲುವನ್ನು ಅಳೆದದ್ದು ಮಾರಾಟ ಎಷ್ಟು ಹೆಚ್ಚಿತು ಎಂಬ ಅಳತೆಗೋಲಿನಲ್ಲಿ. ತಯಾರಿ ಎಷ್ಟು ಕಡಿಮೆಯಾಯಿತು ಎಂಬುದು ಅದರ ಗುರಿಯೇ ಆಗಿರಲಿಲ್ಲ.

ಬಿಲ್ಲಿನಲ್ಲಿ ಕಾಣದ ಸಂಗತಿಗಳು

ಸಾಫ್ಟ್‌ವೇರಿಗೆ ಗೊತ್ತಿರುವುದು ಮಾರಾಟವಾದದ್ದು ಮಾತ್ರ. ಎಲ್ ಸೈಜ್ ಇಲ್ಲದೆ ವಾಪಸ್ ಹೋದವರ ಹೆಸರಿನಲ್ಲಿ ಬಿಲ್ ಆಗುವುದಿಲ್ಲ. ಸೋಮವಾರವೇ ಎಲ್ ಖಾಲಿಯಾಗಿ, ವಾರವಿಡೀ ಹತ್ತು ಜನ ಕೇಳಿ ಹೋಗಿದ್ದರೂ ಲೆಕ್ಕದಲ್ಲಿ ‘ಎಲ್ ಮಾರಾಟ: ಸೊನ್ನೆ’ ಅಂತಲೇ ಇರುತ್ತದೆ. ಎಚ್ಚರಿಕೆಯಿಂದ ಬರೆಯದ ಸಾಫ್ಟ್‌ವೇರ್ ಇದನ್ನು ‘ಎಲ್‌ಗೆ ಬೇಡಿಕೆ ಇಲ್ಲ’ ಅಂತ ಓದಿಕೊಂಡು ಮುಂದಿನ ಸಲ ಇನ್ನೂ ಕಡಿಮೆ ಕಳಿಸುತ್ತದೆ. ತಪ್ಪು ತಪ್ಪನ್ನು ಬೆಳೆಸುತ್ತಾ ಹೋಗುತ್ತದೆ. ಒಳ್ಳೆಯ ಸಾಫ್ಟ್‌ವೇರ್‌ಗಳು ಸ್ಟಾಕ್ ಇದ್ದ ದಿನಗಳನ್ನಷ್ಟೇ ಲೆಕ್ಕಕ್ಕೆ ತಗೊಂಡು ಇದನ್ನು ತಿದ್ದುತ್ತವೆ.

ಆದರೆ ಹಾಗೆ ತಿದ್ದಬೇಕಾದರೆ ಸ್ಟಾಕ್ ಎಷ್ಟಿದೆ ಎಂಬ ಲೆಕ್ಕ ಸರಿಯಿರಬೇಕಲ್ಲ? ಅಮೆರಿಕದ ಒಂದು ಅಂಗಡಿ ಸರಣಿಯ 37 ಅಂಗಡಿಗಳಲ್ಲಿ ಸುಮಾರು 3.7 ಲಕ್ಷ ಸ್ಟಾಕ್ ದಾಖಲೆಗಳನ್ನು ನಿಕೋಲ್ ಡಿಹೊರೇಷಿಯಸ್ ಮತ್ತು ಅನಂತ್ ರಾಮನ್ ಎಂಬ ಸಂಶೋಧಕರು ಪರಿಶೀಲಿಸಿದಾಗ 65% ದಾಖಲೆಗಳು ನಿಜವಾದ ಮಾಲಿಗೆ ತಾಳೆಯಾಗಲಿಲ್ಲ. ಕಳವು, ಬಿಲ್ಲಿಂಗ್‌ನಲ್ಲಿ ತಪ್ಪು ಬಣ್ಣ ಒತ್ತಿದ್ದು, ಹಿಂದಿನ ಕೋಣೆಯಲ್ಲಿ ಮರೆತ ಪೆಟ್ಟಿಗೆ, ಟ್ರಯಲ್ ರೂಮಿನಲ್ಲಿ ಬಿಟ್ಟ ಪ್ಯಾಂಟು, ಹೀಗೆ ಕಾರಣಗಳು ಹಲವು ಇರುತ್ತವೆ. ಕಂಪ್ಯೂಟರ್ ‘ಮೂರು ಇದೆ’ ಅನ್ನುತ್ತದೆ, ರ‍್ಯಾಕಿನಲ್ಲಿ ಒಂದೂ ಇರುವುದಿಲ್ಲ. ಇದೆಯಲ್ಲ, ಕಳಿಸಬೇಕಾಗಿಲ್ಲ ಅಂತ ಅದು ಸುಮ್ಮನಾಗುತ್ತದೆ. ಝಾರಾ 2014ರಿಂದ ತನ್ನ ಉಡುಪುಗಳ ಭದ್ರತಾ ಟ್ಯಾಗಿನಲ್ಲಿ ರೇಡಿಯೊ ಚಿಪ್ ಹಾಕಲು ಶುರುಮಾಡಿದ್ದು ಬಹುಮಟ್ಟಿಗೆ ಇದೇ ರೋಗಕ್ಕೆ ಮದ್ದಾಗಿ. ಕೈಯಲ್ಲಿ ಹಿಡಿಯುವ ಯಂತ್ರವನ್ನು ರ‍್ಯಾಕಿನ ಮುಂದೆ ಆಡಿಸಿದರೆ ಎಣಿಕೆ ಮುಗಿಯುತ್ತದೆ.

ಮೂರನೆಯದು ಪಂಚಾಂಗ. ಇದು ನಮ್ಮ ಕಡೆಗೆ ಹತ್ತಿರದ ತೊಂದರೆ. ನರಕ ಚತುರ್ದಶಿ 2025ರಲ್ಲಿ ಅಕ್ಟೋಬರ್ 20ಕ್ಕೆ ಬಂತು. 2026ರಲ್ಲಿ ನವೆಂಬರ್ 8ಕ್ಕೆ. 2026ರ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಅಧಿಕ ಜ್ಯೇಷ್ಠ ಇರುವುದರಿಂದ ಆ ತಿಂಗಳು ಮದುವೆಗಳು ಕಡಿಮೆ. ಆಷಾಢ ಕೂಡ ಹಿಂದಿನ ವರ್ಷಕ್ಕಿಂತ ಸುಮಾರು ಮೂರು ವಾರ ತಡ. ಕರ್ನಾಟಕದ ಬಟ್ಟೆ ಅಂಗಡಿಯವರು ಆಷಾಢದ ಡಿಸ್ಕೌಂಟ್ ಸೇಲ್ ಯಾವಾಗ ಅಂತ ಕ್ಯಾಲೆಂಡರಿನ ಹಾಳೆ ತಿರುವಿ ನೋಡುತ್ತಾರೆ. ಹೋದ ವರ್ಷದ ಇದೇ ವಾರಕ್ಕೆ ಹೋಲಿಸಿ ನೋಡುವ ಸಾಫ್ಟ್‌ವೇರಿಗೆ ಈ ತಿಥಿಗಳನ್ನು ಬೇರೆಯಾಗಿ ಹೇಳಿಕೊಡಬೇಕು. ಹೇಳದಿದ್ದರೆ ಮದುವೆ ಇಲ್ಲದ ತಿಂಗಳಿಗೆ ಮದುವೆ ಸೀರೆ ಬಂದು ಕೂರುತ್ತದೆ.

ನೈಕಿ ಎರಡು ಸಲ ಎಡವಿದ್ದು

ಅಮೆರಿಕದ ನೈಕಿ ಕಂಪನಿ ಐ2 ಎಂಬ ಕಂಪನಿಯ ಬೇಡಿಕೆ ಅಂದಾಜಿನ ಸಾಫ್ಟ್‌ವೇರ್ ಅಳವಡಿಸಿಕೊಂಡು, ಮಾರಾಟವಾಗದ ಶೂಗಳನ್ನು ಜಾಸ್ತಿ, ಚೆನ್ನಾಗಿ ಮಾರಾಟವಾಗುವ ಏರ್ ಜೋರ್ಡನ್ ಶೂಗಳನ್ನು ಕಡಿಮೆ ತಯಾರಿಸಿತು. 2001ರ ಆರಂಭದಲ್ಲಿ ಸುಮಾರು 10 ಕೋಟಿ ಡಾಲರ್ ಮಾರಾಟ ಕೈತಪ್ಪಿದ್ದಾಗಿ ಹೇಳಿಕೊಂಡಿತು. ಅಳವಡಿಸಿದವರದು ತಪ್ಪೋ ಬರೆದವರದು ತಪ್ಪೋ ಎಂಬ ಜಗಳ ಆಗ ಜೋರಾಗಿ ನಡೆಯಿತು.

ಎರಡನೆಯ ಸಲದ್ದು ಈ ಲೇಖನಕ್ಕೆ ಹೆಚ್ಚು ಮುಖ್ಯ. 2019ರಲ್ಲಿ ನೈಕಿ ಬೇಡಿಕೆಯನ್ನು ಮೊದಲೇ ಹೇಳುವ ಬಾಸ್ಟನ್ನಿನ ಸೆಲೆಕ್ಟ್ ಎಂಬ ಕಂಪನಿಯನ್ನೇ ಕೊಂಡುಕೊಂಡಿತು. ಎಂಐಟಿಯ ಪ್ರಾಧ್ಯಾಪಕರು ಕಟ್ಟಿದ ಕಂಪನಿ ಅದು, ಗಣಿತಕ್ಕೆ ಕೊರತೆ ಇರಲಿಲ್ಲ. ಆದರೂ 2022ರ ಆಗಸ್ಟ್ ಕೊನೆಗೆ ನೈಕಿಯ ಸ್ಟಾಕ್ ಒಂದು ವರ್ಷದ ಹಿಂದಿನದಕ್ಕಿಂತ 44% ಹೆಚ್ಚಾಗಿತ್ತು. ಉತ್ತರ ಅಮೆರಿಕದಲ್ಲಂತೂ 65%. ಕೊರೋನಾ ಕಾಲದಲ್ಲಿ ಹಡಗುಗಳು ತಿಂಗಳುಗಟ್ಟಲೆ ತಡವಾಗುತ್ತಿದ್ದವು. ಹಾಗಾಗಿ ಆರ್ಡರ್ ಬೇಗ ಹಾಕಿದರು. ಅಷ್ಟರಲ್ಲಿ ಹಡಗುಗಳ ವೇಗ ಸರಿಹೋಯಿತು. ತಡವಾಗಿ ಬಂದ ಹಳೆಯ ಸೀಸನ್ನಿನ ಮಾಲೂ ಬೇಗ ಬಂದ ಹೊಸ ಸೀಸನ್ನಿನ ಮಾಲೂ ಒಂದೇ ಹೊತ್ತಿಗೆ ಗೋದಾಮಿಗೆ ಇಳಿದವು. ಗಿರಾಕಿ ಏನು ಕೊಳ್ಳುತ್ತಾನೆ ಅಂತ ಸರಿಯಾಗಿ ಹೇಳಿದರೂ ಹಡಗು ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದಿದ್ದರೆ ಅದು ಅರ್ಧ ಲೆಕ್ಕ.

ಮಿಕ್ಕರೆ ನೂರು, ಸಾಲದಿದ್ದರೆ ಆರುನೂರು

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಎಷ್ಟು ತಯಾರಿಸಬೇಕು? ಸುದ್ದಿಯ ಗೊಂದಲ ಬಿಡಿಸುವ ಎಳೆ ಇಲ್ಲಿದೆ. ಸ್ವಲ್ಪ ನಿಧಾನವಾಗಿ ನೋಡಬೇಕು.

ಒಂದು ಅಂಗಿ ತಯಾರಿಸಿ ಅಂಗಡಿಗೆ ತರಲು 400 ರೂಪಾಯಿ ಅಂದುಕೊಳ್ಳಿ. ಮಾರುವ ಬೆಲೆ 1,000. ಸೀಸನ್ ಮುಗಿದ ಮೇಲೆ ಮಿಕ್ಕಿದ್ದನ್ನು 300ಕ್ಕೆ ಬಿಡಬಹುದು. ಗಿರಾಕಿ ಬಂದಾಗ ಅಂಗಿ ಇಲ್ಲದಿದ್ದರೆ 600 ರೂಪಾಯಿ ಲಾಭ ಹೋಯಿತು. ಅಂಗಿ ಮಿಕ್ಕರೆ ಹೋಗುವುದು 100 ರೂಪಾಯಿ ಮಾತ್ರ. ಎರಡೂ ತಪ್ಪೇ. ಆದರೆ ಒಂದು ತಪ್ಪು ಇನ್ನೊಂದಕ್ಕಿಂತ ಆರು ಪಟ್ಟು ದುಬಾರಿ. ಲೆಕ್ಕ ಗೊತ್ತಿರುವ ಯಾವ ವ್ಯಾಪಾರಿಯೂ ಮಿಗುವ ಕಡೆಗೇ ವಾಲುತ್ತಾನೆ.

ಎಷ್ಟು ವಾಲಬೇಕು ಅನ್ನುವುದಕ್ಕೂ ಸೂತ್ರ ಇದೆ. ಪತ್ರಿಕೆ ಮಾರುವವನು ಬೆಳಿಗ್ಗೆ ಎಷ್ಟು ಪ್ರತಿ ತರಬೇಕು ಎಂಬ ಹಳೆಯ ಲೆಕ್ಕದಿಂದ ಬಂದದ್ದು ಅದು. 600ನ್ನು 600 ಮತ್ತು 100ರ ಮೊತ್ತದಿಂದ ಭಾಗಿಸಿ. ಸುಮಾರು 86% ಬರುತ್ತದೆ. ಅಂದರೆ ನೂರು ಸಲದಲ್ಲಿ 86 ಸಲ ಬೇಡಿಕೆಗೆ ಸಾಲುವಷ್ಟು ಮಾಲು ತರಿಸಬೇಕು.

ಸಾಫ್ಟ್‌ವೇರಿನ ಅಂದಾಜು 1,000 ಅಂಗಿ ಇರಲಿ. ಅಂದಾಜು ಸುಮಾರಾಗಿದ್ದು, ಮೂರರಲ್ಲಿ ಎರಡು ಸಲ ನಿಜವಾದ ಬೇಡಿಕೆ 700ರಿಂದ 1,300ರ ನಡುವೆ ಬೀಳುತ್ತದೆ ಅಂದುಕೊಳ್ಳೋಣ. ಆಗ ಲಾಭಕ್ಕೆ ಸರಿಯಾದ ಆರ್ಡರ್ ಸುಮಾರು 1,320. ಈಗ ಒಳ್ಳೆಯ ಸಾಫ್ಟ್‌ವೇರ್ ಬಂತು. ತಪ್ಪು ಅರ್ಧಕ್ಕೆ ಇಳಿದು, ಬೇಡಿಕೆ 850ರಿಂದ 1,150ರ ನಡುವೆ ಬೀಳುತ್ತದೆ. ಆಗ ಆರ್ಡರ್ ಸುಮಾರು 1,160. ಸಾಫ್ಟ್‌ವೇರ್ ನಿಜವಾಗಿ ಉಪಯೋಗಕ್ಕೆ ಬಂತು, ಸುಳ್ಳಲ್ಲ. ಆದರೂ ತನ್ನದೇ ಅಂದಾಜಿಗಿಂತ 160 ಜಾಸ್ತಿ ತಯಾರಿಸಿ ಅಂತ ಲೆಕ್ಕ ಹೇಳುತ್ತಿದೆ.

ಇನ್ನೊಂದು ಕಡೆಯಿಂದ ನೋಡಿ. ಸಾಫ್ಟ್‌ವೇರ್ ಹಳೆಯದೇ ಇರಲಿ. ಆದರೆ ಮಿಕ್ಕ ಅಂಗಿಗೆ 300 ಸಿಗುವುದಿಲ್ಲ, ಒಂದು ರೂಪಾಯಿಯೂ ಸಿಗುವುದಿಲ್ಲ ಅಂದುಕೊಳ್ಳಿ. ಆಗ ಮಿಕ್ಕರೆ ನಷ್ಟ 400. 600ನ್ನು 1,000ದಿಂದ ಭಾಗಿಸಿದರೆ 60%. ಆರ್ಡರ್ ಸುಮಾರು 1,075ಕ್ಕೆ ಇಳಿಯುತ್ತದೆ. ಸಾಫ್ಟ್‌ವೇರಿನ ತಪ್ಪನ್ನು ಅರ್ಧ ಮಾಡಿದ್ದಕ್ಕಿಂತ ಮಿಕ್ಕ ಮಾಲಿನ ನಷ್ಟವನ್ನು ಹೆಚ್ಚಿಸಿದ್ದೇ ಆರ್ಡರನ್ನು ಜಾಸ್ತಿ ಇಳಿಸಿತು. ಇವು ಉದಾಹರಣೆಯ ಅಂಕಿಗಳು. ಆದರೆ ಅಗ್ಗವಾಗಿ ಹೊಲಿಸಿ ಹಲವು ಪಟ್ಟಿಗೆ ಮಾರುವ ಎಲ್ಲ ಕಡೆಯೂ ಲೆಕ್ಕ ಇದೇ ದಿಕ್ಕಿನಲ್ಲಿ ಹೋಗುತ್ತದೆ.

ಹಾಗಾದರೆ ಮಿಕ್ಕ ಬಟ್ಟೆಯ ದೊಡ್ಡ ಪಾಲು ಅಂದಾಜು ತಪ್ಪಿದ್ದರಿಂದ ಬಂದದ್ದಲ್ಲ. ಮಿಗಲಿ ಅಂತ ಗೊತ್ತಿದ್ದೇ ಹೊಲಿಸಿದ್ದು. ಬಟ್ಟೆಯನ್ನು ತಯಾರಿಸುವ ಖರ್ಚು ಇಷ್ಟು ಕಡಿಮೆ ಇರುವಾಗ, ಮಿಕ್ಕಿದ್ದನ್ನು ಕಣ್ಮರೆ ಮಾಡುವುದೂ ಅಗ್ಗವಾಗಿರುವಾಗ, ಎಂಥ ಜಾಣ ಸಾಫ್ಟ್‌ವೇರ್ ಬಂದರೂ ಅದು ಹೇಳುವುದು ಇದನ್ನೇ. ನಾಶ ಮಾಡಬೇಡಿ ಎಂಬ ನಿಯಮ ಕೈಹಾಕಿರುವುದು ಈ ಲೆಕ್ಕದ ಕೊನೆಯ ಅಂಕಿಗೆ, ಅಂದರೆ ಮಿಕ್ಕ ಮಾಲಿನ ನಷ್ಟಕ್ಕೆ. ಉಳಿದದ್ದನ್ನು ದಾನ ಮಾಡಿ, ರಿಪೇರಿ ಮಾಡಿ, ಮತ್ತೆ ಬಳಕೆಗೆ ಬರುವಂತೆ ಮಾಡಿ ಅಂದಾಗ ಅದಕ್ಕೆಲ್ಲ ಖರ್ಚು ಬೀಳುತ್ತದೆ. ಆ ಖರ್ಚು ಆರ್ಡರ್ ಹಾಕುವ ದಿನವೇ ನೆನಪಾಗಬೇಕು ಎಂಬುದು ಉದ್ದೇಶ.

ತಡವಾಗಿ ತೀರ್ಮಾನಿಸುವ ದಾರಿ

ಇನ್ನೊಂದು ಉಪಾಯ ಹಳೆಯದು. ಅಮೆರಿಕದ ಆಸ್ಪೆನ್‌ನಲ್ಲಿ ಹಿಮದ ಆಟದ ಉಡುಪು ಮಾಡುವ ಸ್ಪೋರ್ಟ್ ಓಬರ್‌ಮೇಯರ್ ಎಂಬ ಕಂಪನಿ 1990ರ ದಶಕದಲ್ಲಿ ಬೇಡಿಕೆ ಅಂದಾಜು ಮಾಡುವ ತನ್ನ ಸಮಿತಿಯ ಪ್ರತಿಯೊಬ್ಬರಿಂದಲೂ ಪ್ರತ್ಯೇಕವಾಗಿ ಅಂದಾಜು ಬರೆಸಿಕೊಂಡಿತು. ಎಲ್ಲರ ಅಂಕಿ ಹತ್ತಿರ ಹತ್ತಿರ ಇದ್ದ ಉಡುಪುಗಳ ಅಂದಾಜು ಸರಿಯಿರುತ್ತಿತ್ತು. ಒಬ್ಬೊಬ್ಬರು ಒಂದೊಂದು ಹೇಳಿದ ಉಡುಪುಗಳದ್ದು ತಪ್ಪುತ್ತಿತ್ತು. ಹಾಗಾಗಿ ಒಮ್ಮತ ಇದ್ದದ್ದನ್ನು ಮೊದಲು ಹೊಲಿಸಿದರು. ಉಳಿದದ್ದನ್ನು ಅಂಗಡಿಗಳ ಮೊದಲ ಆರ್ಡರುಗಳು ಬರುವ ತನಕ ತಡೆದರು. ಮೊದಲ 20% ಆರ್ಡರ್ ಕೈಗೆ ಬಂದರೇ ಅಂದಾಜು ಎಷ್ಟೋ ಸುಧಾರಿಸುತ್ತಿತ್ತು.

ಇವತ್ತು ಚೀನಾ ಮೂಲದ ಶೀನ್ ಇದೇ ಉಪಾಯವನ್ನು ತುದಿ ಮುಟ್ಟಿಸಿದೆ. ಒಂದು ವಿನ್ಯಾಸದ 100ರಿಂದ 200 ಉಡುಪು ಹೊಲಿಸಿ, ಓಡಿದರೆ ಮಾತ್ರ ಮತ್ತೆ ಹೊಲಿಸುವುದು. ಒಂದೊಂದು ವಿನ್ಯಾಸದಲ್ಲಿ ಮಿಗುವುದು ಕಡಿಮೆ. ಆದರೆ ವಿನ್ಯಾಸಗಳ ಸಂಖ್ಯೆಗೆ ಮಿತಿಯೇ ಇಲ್ಲದ್ದರಿಂದ ಒಟ್ಟು ಬಟ್ಟೆ ಏರುತ್ತಲೇ ಹೋಗುತ್ತದೆ.

ಇಲ್ಲೇ ವಾದಗಳು ಕವಲೊಡೆಯುತ್ತವೆ. ಅಂದಾಜು ಸುಧಾರಿಸಿದರೆ ಪೋಲು ತಾನೇ ಇಳಿಯುತ್ತದೆ, ಕಾನೂನಿನ ಹೊರೆ ಬೇಡ ಎಂಬುದು ಕಂಪನಿಗಳ ಮತ್ತು ಸಾಫ್ಟ್‌ವೇರ್ ಮಾರುವವರ ಮಾತು. ಅತಿಯಾಗಿ ತಯಾರಿಸುವುದೇ ಈ ವ್ಯಾಪಾರದ ಬಂಡವಾಳ, ಸಾಫ್ಟ್‌ವೇರ್ ಅದನ್ನು ಇನ್ನಷ್ಟು ಚುರುಕು ಮಾಡುತ್ತದೆ ಎಂಬುದು ಪರಿಸರ ಸಂಘಟನೆಗಳ ಮಾತು. ಮೇಲಿನ ಲೆಕ್ಕ ನೋಡಿದರೆ ಎರಡನೆಯದರಲ್ಲಿ ಹೆಚ್ಚು ಹುರುಳಿದೆ. ಹಾಗಂತ ಸಾಫ್ಟ್‌ವೇರ್ ಬೇಡ ಎನ್ನುವುದು ತಪ್ಪಾಗುತ್ತದೆ. 1,320 ಮತ್ತು 1,160ರ ನಡುವಿನ 160 ಅಂಗಿಗಳ ಹತ್ತಿ, ನೀರು, ದುಡಿಮೆ ಉಳಿಯುವುದು ಸಣ್ಣ ಮಾತಲ್ಲ.

ಹೊಲಿಗೆ ಯಂತ್ರದ ಮುಂದೆ ಕೂತವರಿಗೆ

ಅಂಗಡಿಯವನು ತೀರ್ಮಾನವನ್ನು ತಡ ಮಾಡಿದಷ್ಟೂ ಅವನ ಅಂದಾಜು ಸರಿಯಾಗುತ್ತದೆ. ಆ ತಡದ ಭಾರ ಬೀಳುವುದು ಕಾರ್ಖಾನೆ ಮೇಲೆ. ಮೂರು ತಿಂಗಳಲ್ಲಿ ಮುಗಿಸಬೇಕಾದದ್ದನ್ನು ಆರು ವಾರದಲ್ಲಿ ಮುಗಿಸಿ ಅಂದರೆ ಹೊಲಿಗೆ ಲೈನಿನ ಟಾರ್ಗೆಟ್ ಏರುತ್ತದೆ, ಓಟಿ (ಹೆಚ್ಚುವರಿ ಹೊತ್ತಿನ ದುಡಿಮೆ) ಏರುತ್ತದೆ. ಸಣ್ಣ ಸಣ್ಣ ಬ್ಯಾಚ್ ಬಂದರೆ ಪ್ರತಿ ಸಲ ಲೈನ್ ಹೊಸದಾಗಿ ಹೊಂದಿಸಬೇಕು. ಹೊಸ ವಿನ್ಯಾಸಕ್ಕೆ ಕೈ ಕುದುರುವ ತನಕ ಗಂಟೆಗೆ ಆಗುವ ಪೀಸುಗಳು ಕಡಿಮೆ. ಟಾರ್ಗೆಟ್ ಮಾತ್ರ ಕಡಿಮೆಯಾಗುವುದಿಲ್ಲ. ನಡುವೆ ಆರ್ಡರ್ ಇಲ್ಲದ ವಾರಗಳು ಬರುತ್ತವೆ.

ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯಿಂದ ದೊಡ್ಡಬಳ್ಳಾಪುರ, ಮಂಡ್ಯದವರೆಗೆ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಲಕ್ಷಾಂತರ ಜನರಲ್ಲಿ ಬಹುಪಾಲು ಹೆಂಗಸರು. ಯುರೋಪ್, ಅಮೆರಿಕದ ಅಂದಾಜು ಇದ್ದಕ್ಕಿದ್ದ ಹಾಗೆ ಬದಲಾದರೆ ಇಲ್ಲಿ ಏನಾಗುತ್ತದೆ ಎಂಬುದು 2020ರಲ್ಲಿ ಕಣ್ಣಾರೆ ಕಂಡಿದೆ. ಕೊರೋನಾ ಬಂದ ಕೂಡಲೇ ವಿದೇಶಿ ಬ್ರ್ಯಾಂಡ್‌ಗಳು ಹೊಲಿದು ಮುಗಿದ ಆರ್ಡರುಗಳನ್ನೂ ರದ್ದು ಮಾಡಿದವು. ಬಾಂಗ್ಲಾದೇಶ ಒಂದರಲ್ಲೇ 300 ಕೋಟಿ ಡಾಲರಿಗೂ ಹೆಚ್ಚಿನ ಆರ್ಡರ್ ರದ್ದಾಯಿತು ಅಥವಾ ತಡೆಹಿಡಿಯಲಾಯಿತು ಎಂದು ಅಲ್ಲಿನ ರಫ್ತುದಾರರ ಸಂಘ ಹೇಳಿತು. ಅದೇ ವರ್ಷದ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಕಾರ್ಖಾನೆ, ಆರ್ಡರ್ ಇಲ್ಲ ಎಂಬ ಕಾರಣ ಕೊಟ್ಟು, ಸುಮಾರು 1,200 ಕಾರ್ಮಿಕರನ್ನು ಕೆಲಸದಿಂದ ತೆಗೆಯಿತು. ಅವರು ಅಲ್ಲೇ ಧರಣಿ ಕೂತರು.

ಮಿಗುವುದರ ನಷ್ಟವನ್ನು ಅಂಗಡಿಯಿಂದ ಕಿತ್ತು ಕಾರ್ಖಾನೆಗೆ ದಾಟಿಸಿದರೂ ಅಂಗಡಿಯ ಪುಸ್ತಕದಲ್ಲಿ ‘ಸ್ಟಾಕ್ ಇಳಿಯಿತು’ ಅಂತಲೇ ಕಾಣುತ್ತದೆ. ಆದ್ದರಿಂದ ತಡವಾದ, ಸಣ್ಣ ಆರ್ಡರುಗಳಿಗೆ ಪೀಸಿನ ದರ ಜಾಸ್ತಿ ಇರಬೇಕು. ಬಟ್ಟೆ ಕೊಂಡಾದ ಮೇಲೆ, ಕತ್ತರಿಸಿಯಾದ ಮೇಲೆ ರದ್ದು ಮಾಡುವಂತಿಲ್ಲ ಎಂಬ ಷರತ್ತು ಒಪ್ಪಂದದಲ್ಲೇ ಇರಬೇಕು. ನಮ್ಮ ರಫ್ತುದಾರರೂ ಸರ್ಕಾರವೂ ಕೇಳಬೇಕಾದ ಬೇಡಿಕೆ ಇದು.

ಮುಂದೆ ಯಾವ ಅಂಕಿ ನೋಡಬೇಕು

ಹೊಸ ನಿಯಮದಲ್ಲಿ ನಿಷೇಧದ ಜೊತೆ ಇನ್ನೊಂದು ಭಾಗ ಇದೆ. ಮಾರಾಟವಾಗದೆ ವಿಲೇವಾರಿ ಮಾಡಿದ ಮಾಲಿನ ಸಂಖ್ಯೆ, ತೂಕ ಮತ್ತು ಕಾರಣವನ್ನು ದೊಡ್ಡ ಕಂಪನಿಗಳು ಪ್ರತಿ ವರ್ಷ ಬಹಿರಂಗ ಮಾಡಬೇಕು. ಆರೋಗ್ಯಕ್ಕೆ ಅಪಾಯ ಇರುವ, ಹಾಳಾದ, ನಕಲಿ ಮಾಲಿಗೆ ವಿನಾಯಿತಿಗೆ ಅವಕಾಶ ಇದೆ. ಯಾವ ಕಂಪನಿ ಎಷ್ಟು ಮಾಲನ್ನು ಈ ಕಾರಣಗಳ ಕೆಳಗೆ ತೋರಿಸುತ್ತದೆ ಎಂಬುದನ್ನು ಗಮನಿಸಬೇಕು. ಸ್ವೀಡನ್ನಿನ ವೆಸ್ಟೆರೋಸ್‌ನ ವಿದ್ಯುತ್ ಸ್ಥಾವರದಲ್ಲಿ ಎಚ್ ಅಂಡ್ ಎಂ ಬಟ್ಟೆ ಉರಿಯುತ್ತಿದೆ ಎಂಬ ಸುದ್ದಿ 2017ರಲ್ಲಿ ಬಂದಾಗ ಕಂಪನಿ ಕೊಟ್ಟ ವಿವರಣೆಯೂ ಬೂಷ್ಟು ಹಿಡಿದ, ಸುರಕ್ಷಿತವಲ್ಲದ ಮಾಲು ಎಂಬುದೇ ಆಗಿತ್ತು. ಅದು ನಿಜವೇ ಇರಬಹುದು. ಆದರೆ ಇನ್ನು ಅಂಥ ಮಾತಿಗೆ ಲಿಖಿತ ಲೆಕ್ಕದ ಬೆಂಬಲ ಬೇಕಾಗುತ್ತದೆ.

ಈ ಪಟ್ಟಿಯಲ್ಲಿ ಕಾಣಿಸದ ಅಂಕಿಯೂ ಒಂದಿದೆ. ಕಂಪನಿ ಆ ವರ್ಷ ಒಟ್ಟು ಎಷ್ಟು ಉಡುಪು ಹೊಲಿಸಿತು, ಅದರಲ್ಲಿ ಎಷ್ಟು ಪೂರ್ತಿ ಬೆಲೆಗೆ ಹೋಯಿತು ಎಂಬುದು. ಈ ಎರಡನ್ನೂ ಹೇಳಿ ಅಂತ ನಿಯಮ ಕೇಳುವುದಿಲ್ಲ. ಎಸೆದದ್ದು ಕಡಿಮೆಯಾಗಿ, ಮುಕ್ಕಾಲು ಡಿಸ್ಕೌಂಟಿನಲ್ಲಿ ಬಿಟ್ಟದ್ದು ಅಥವಾ ಬೇರೆ ದೇಶಕ್ಕೆ ಮೂಟೆಗಟ್ಟಿ ಕಳಿಸಿದ್ದು ಜಾಸ್ತಿಯಾದರೂ ವರದಿ ಚೆನ್ನಾಗಿಯೇ ಕಾಣುತ್ತದೆ. ‘ನಮ್ಮ ಸಾಫ್ಟ್‌ವೇರ್‌ನಿಂದ ಪೋಲು ಇಳಿಯಿತು’ ಎಂದು ಯಾವುದೇ ಕಂಪನಿ ಹೇಳಿದಾಗ ಪತ್ರಕರ್ತರೂ ಗಿರಾಕಿಗಳೂ ಮೊದಲು ಕೇಳಬೇಕಾದದ್ದು ಈ ಎರಡು ಅಂಕಿಗಳನ್ನು.